ಎರಡು ಸೆಕೆಂಡಿನ ಮಾರ್ಜಿನ್

ಟೇಪಮ್ಮನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ನಲವತ್ತು ವರ್ಷದಿಂದ ಕುತ್ತಿಗೆಗೆ ಅಳತೆಯ ಟೇಪು ನೇತುಹಾಕಿಕೊಂಡೇ ಓಡಾಡುವ ಹೆಂಗಸನ್ನು ಬೀದಿಯವರು ಇನ್ನೇನೆಂದು ಕರೆದಾರು? ಬ್ಯಾಂಕಿಗೆ ಹೋದರೂ ಟೇಪು, ಆಸ್ಪತ್ರೆಗೆ ಹೋದರೂ ಟೇಪು. ಒಮ್ಮೆ ಸ್ನಾನಕ್ಕೂ ಅದರ ಸಮೇತ ಹೋಗಿದ್ದಳು ಎನ್ನುವುದು ಅವಳ ಅಕ್ಕನ ಪ್ರಚಾರ. ಪೂರ್ತಿ ಸುಳ್ಳೇನಲ್ಲ.

ಅಕ್ಕ ತಂಗಿ ಇಬ್ಬರೂ ಸೇರಿ ನಡೆಸುವ ಟೈಲರ್ ಅಂಗಡಿ ಅದು. ಮುಂದಿನ ಕೋಣೆಯಲ್ಲಿ ಮೂರು ಹೊಲಿಗೆ ಮಿಷನ್ನು. ಹಿಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಕಪ್ಪು ಮೇಜು, ಅದರ ಒಂದು ತುದಿಯಲ್ಲಿ ಕಂಪ್ಯೂಟರ್. ಅಂಗಡಿಯ ಬೋರ್ಡಿಗಿಂತ ಅಕ್ಕನ ನಗು ಹೆಚ್ಚು ಪ್ರಸಿದ್ಧವಾಗಿತ್ತು. ಯಾರಾದರೂ ವಿಳಾಸ ಕೇಳಿದರೆ ಮೂಲೆಯ ಔಷಧಿ ಅಂಗಡಿಯವನು, "ಹೀಗೇ ನೇರ ಹೋಗಿ, ನಗು ಕೇಳಿಸಿದ ಕಡೆ ನಿಂತ್ಕೊಳ್ಳಿ" ಅನ್ನುತ್ತಿದ್ದ. ಗಿರಾಕಿಗಳು ದಾರಿ ತಪ್ಪಿದ್ದೇ ಇಲ್ಲ.

ಆ ನಗು ನಿಂತು ಎರಡು ವರ್ಷವಾಗಿತ್ತು. ಅಕ್ಕನ ಕಿವಿ ಮೊದಲು ಫೋನಿನಲ್ಲಿ ಕೈಕೊಟ್ಟಿತು, ಆಮೇಲೆ ಗಿರಾಕಿಗಳ ಮುಂದೆ, ಕೊನೆಗೆ ಮನೆಯವರ ಮುಂದೆಯೂ. ಡಾಕ್ಟರು ಕೊಟ್ಟ ಕಿವಿಯ ಮಿಷನ್ ಹಾಕಿಕೊಂಡರೆ ಹತ್ತು ಹೊಲಿಗೆ ಮಿಷನ್ ಒಟ್ಟಿಗೆ ಓಡಿದಂತೆ ಕೇಳಿಸುತ್ತದೆ ಎಂದು ಹೇಳಿ ಅದನ್ನು ಗುಂಡಿಗಳ ಡಬ್ಬಿಗೆ ಹಾಕಿಬಿಟ್ಟಳು. ಅಂದಿನಿಂದ ಅವಳಿಗೆ ಏನಾದರೂ ಹೇಳಬೇಕಾದರೆ ಕಪ್ಪು ಮೇಜಿನ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆಯಬೇಕು. ಅಕ್ಕ ಓದಿಕೊಂಡು ಬಾಯಲ್ಲೇ ಉತ್ತರ ಕೊಡುತ್ತಾಳೆ, ಅದೂ ಇಡೀ ಬೀದಿಗೆ ಕೇಳಿಸುವ ಹಾಗೆ.

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಹಿಂದಿನ ಕೋಣೆಯಲ್ಲಿ ಎಲ್ಲರೂ ಕೂಡಿ ಕಂಪ್ಯೂಟರಿನಲ್ಲಿ ಏನಾದರೊಂದು ತಮಾಷೆಯ ವಿಡಿಯೋ ನೋಡುವುದು ಮೊದಲಿನಿಂದ ಬಂದ ರೂಢಿ. ಎಲ್ಲರೂ ಎಂದರೆ ಅಕ್ಕ, ಅಕ್ಕನ ಗಂಡ ಅಂದರೆ ಟೇಪಮ್ಮನ ಭಾವ, ಟೇಪಮ್ಮನ ಸೊಸೆ, ಪಕ್ಕದ ಇಸ್ತ್ರಿ ಅಂಗಡಿಯ ಗಂಡ ಹೆಂಡತಿ. ಕಿವಿ ಹೋದ ಮೇಲೂ ಅಕ್ಕ ಬಂದು ಕೂರುತ್ತಿದ್ದಳು. ಜೋಕು ಬರುತ್ತಿತ್ತು, ಎಲ್ಲರೂ ನಗುತ್ತಿದ್ದರು, ಅಕ್ಕ ಅವರಿವರ ಮುಖ ನೋಡಿ ಕೊನೆಯಲ್ಲಿ ತಾನೂ ನಗುತ್ತಿದ್ದಳು. ಆ ನಗು ಬೇರೆ ಯಾರದೋ ಅಳತೆಗೆ ಹೊಲಿದ ಅಂಗಿಯ ಹಾಗೆ ಅವಳ ಮೈಮೇಲೆ ಜೋತಾಡುತ್ತಿತ್ತು. ಟೇಪಮ್ಮ ಅದನ್ನು ನೋಡಲಾರದೆ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಒಂದು ಭಾನುವಾರ ಅಕ್ಕ ಅರ್ಧಕ್ಕೇ ಎದ್ದಳು.

"ನಾನು ಇನ್ಮೇಲೆ ಬರಲ್ಲ. ನೀವೆಲ್ಲ ನಕ್ಕು ಮುಗಿಸಿದ ಮೇಲೆ ನಗೋದು ಅಂದ್ರೆ, ಎಲ್ಲರ ಊಟ ಆದ್ಮೇಲೆ ಪಾತ್ರೆ ಗೋರಿದ ಹಾಗೆ. ನನಗೆ ಬೇಡ."

ಟೇಪಮ್ಮ ಸೀಮೆಸುಣ್ಣ ಎತ್ತಿಕೊಂಡು ಮೇಜಿನ ಮೇಲೆ ಬರೆದಳು: ಇನ್ನು ಒಂದೇ ಒಂದು ಸಲ. ಮೂರು ವಾರ ಬಿಟ್ಟು.

ಅಕ್ಕ ಕನ್ನಡಕ ಹುಡುಕಿ, ಮೂಗಿಗೇರಿಸಿ ಓದಿದಳು. "ಒಂದೇ ಸಲ. ಅದಾದ್ಮೇಲೂ ಕರೆದ್ರೆ ಕತ್ತರಿ ಕೈಗೆ ತಗೋತೀನಿ, ನೋಡ್ಕೋ."

ಅಕ್ಕ ಆಡಿದ ಮಾತು ತಪ್ಪುವವಳಲ್ಲ. ಕತ್ತರಿಯೂ ಹರಿತವಾಗಿತ್ತು.

ಟೇಪಮ್ಮನ ತಲೆಯಲ್ಲಿದ್ದದ್ದು ಒಂದು ಹಳೆಯ ನಾಟಕ. ಭಾವ ಬಸ್ ಕಂಡಕ್ಟರ್ ಆಗಿದ್ದ ಕಾಲದಲ್ಲಿ ಡಿಪೋದವರು ಆಡಿದ್ದು. ಡಾಕ್ಟರು ಊರಿಗೆ ಹೋದ ದಿನ ಅವರ ಕಾಂಪೌಂಡರ್ ತಾನೇ ಡಾಕ್ಟರೆಂದು ಹೇಳಿಕೊಂಡು ಕುರ್ಚಿಯಲ್ಲಿ ಕೂತುಬಿಡುವ ಕಥೆ. ಕಾಂಪೌಂಡರ್ ಪಾತ್ರ ಭಾವನದು, ಎಲ್ಲರ ಬಟ್ಟೆ ಹೊಲಿದದ್ದು ಅಕ್ಕ ತಂಗಿ. ಆಗಿನ ಕ್ಯಾಸೆಟ್ ಟ್ರಂಕಿನ ತಳದಲ್ಲಿ ಇಪ್ಪತ್ತಾರು ವರ್ಷ ಮಲಗಿತ್ತು. ಸೊಸೆ ಅದನ್ನು ಸ್ಟುಡಿಯೋಗೆ ಕೊಟ್ಟು ಕಂಪ್ಯೂಟರಿಗೆ ಹಾಕಿಸಿಕೊಂಡು ಬಂದಳು.

"ಅಂತೂ ಕೊನೆಗೆ ನನ್ನ ಕಲೆಗೆ ಒಂದು ಬೆಲೆ ಬಂತು," ಎಂದು ಭಾವ ಮೀಸೆ ಸವರಿಕೊಂಡರು.

"ನಿಮ್ಮ ಕಲೆಗಲ್ಲ ಭಾವ, ಅಕ್ಕನಿಗೋಸ್ಕರ," ಎಂದಳು ಟೇಪಮ್ಮ. "ಮಾತನ್ನೆಲ್ಲ ಬರೆದು ಕೆಳಗಡೆ ಬರೋ ಹಾಗೆ ಮಾಡ್ತೀನಿ. ಅವಳು ಓದ್ಕೊಂಡು ನಗಲಿ."

"ಮಾಡಮ್ಮ ಮಾಡು. ಆದ್ರೆ ನನ್ನ ಒಂದು ಮಾತೂ ಬಿಡಬಾರದು. ಕೆಮ್ಮಿದ್ದನ್ನೂ ಹಾಕು."

ಸೊಸೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅಳತೆ, ಗಡಿಯಾರ, ನಂಬರು ಎಂದರೆ ಅವಳಿಗೆ ಪ್ರಾಣ. ಅತ್ತೆಯನ್ನು ಕೂರಿಸಿಕೊಂಡು ಪಾಠ ಮಾಡಿದಳು. "ನೋಡಿ ಅತ್ತೆ, ಇದು ಬರೀ ಬರಹದ ಫೈಲು. ಮೊದಲು ಸಾಲಿನ ನಂಬರು. ಅದರ ಕೆಳಗೆ, ಮಾತು ಶುರುವಾಗೋ ಹೊತ್ತು, ಒಂದು ಬಾಣದ ಗುರುತು, ಮುಗಿಯೋ ಹೊತ್ತು. ಅದರ ಕೆಳಗೆ ಮಾತು. ಆಮೇಲೆ ಒಂದು ಸಾಲು ಖಾಲಿ ಬಿಡಿ. ಕೊನೇಲಿ ವಿಡಿಯೋಗೆ ಏನು ಹೆಸರಿದೆಯೋ ಇದಕ್ಕೂ ಅದೇ ಹೆಸರು ಕೊಟ್ಟು ಅದರ ಪಕ್ಕದಲ್ಲೇ ಇಡಿ. ಅದಾಗಿ ಅದೇ ಸೇರ್ಕೊಳ್ಳುತ್ತೆ."

"ಒಂದೇ ಥಾನಿನ ಬಟ್ಟೆ ಅಂತ ಗೊತ್ತಾಗೋಕೆ ಒಂದೇ ಚೀಟಿ ಅಂಟಿಸ್ತೀವಲ್ಲ, ಹಾಗೆ."

"ಹಾಂ, ಹಾಗೇ ಅಂದ್ಕೊಳ್ಳಿ."

ಮೊದಲ ಹತ್ತು ಸಾಲು ಬರೆಯಲು ಮೂರು ದಿನ ಹಿಡಿಯಿತು. ಒಂದೇ ಬೆರಳಲ್ಲಿ ಒತ್ತುತ್ತಿದ್ದಳು. ದಪ್ಪ ಬಟ್ಟೆಗೆ ಸೂಜಿ ಚುಚ್ಚುವಷ್ಟು ಬಲ ಹಾಕಿ. ಆ ಹತ್ತು ಸಾಲನ್ನು ಹಾಕಿ ನೋಡಿದರೆ ಪರದೆಯ ಕೆಳಗೆ ಅಕ್ಷರವೇ ಇಲ್ಲ, ಸಾಲಾಗಿ ಬರೀ ಚೌಕಗಳು.

"ಅಯ್ಯೋ, ಇದೇನೇ ಇದು? ಮಾತು ಬರೆದ್ರೆ ಚೌಕಳಿ ಬಟ್ಟೆ ನೇಯ್ದು ಕೊಡ್ತಿದೆಯಲ್ಲ!"

ಸೊಸೆ ಬಿದ್ದು ಬಿದ್ದು ನಕ್ಕಳು. ಫೈಲನ್ನು ಉಳಿಸುವಾಗ ಒಂದು ಕಡೆ ಆಯ್ಕೆ ಬದಲಿಸಿ ಮತ್ತೆ ಉಳಿಸಿದಳು. ಚೌಕಗಳೆಲ್ಲ ಗುಂಡಗುಂಡನೆಯ ಅಕ್ಷರಗಳಾದವು. ಟೇಪಮ್ಮನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಗಿರಾಕಿಗಳನ್ನೆಲ್ಲ ಹಿಂದಿನ ಕೋಣೆಗೆ ಕರೆದು ತೋರಿಸಿದಳು. ಪ್ಯಾಂಟಿನ ಸೊಂಟ ಬಿಗಿ ಮಾಡಿಸಲು ಬಂದ ಅಂಚೆಯವರು ಆ ಹತ್ತು ಸಾಲನ್ನು ಎರಡು ಸಲ ಓದಬೇಕಾಯಿತು.

ಆಮೇಲೆ ಕೈ ಓಡತೊಡಗಿತು. ಗುಂಡಿಗಳಿಗೆ ಕಾಜಾ ಹಾಕುವುದರ ನಡುವೆ ನಾಲ್ಕು ಸಾಲು, ಚಹಾ ಕಾಯುವಷ್ಟರಲ್ಲಿ ಎರಡು ಸಾಲು. ಒಟ್ಟು ಆರುನೂರ ಹನ್ನೆರಡು ಸಾಲು. ಇಲ್ಲೇ ಅವಳೊಂದು ತಪ್ಪು ಮಾಡಿದಳು. ಅಂಥ ತಪ್ಪು ಮಾಡಲು ನಲವತ್ತು ವರ್ಷ ಬಟ್ಟೆ ಹೊಲಿದಿರಬೇಕು.

ಮಾತು ಶುರುವಾಗುವ ಹೊತ್ತನ್ನೇ ಬರೆಯಬೇಕೆಂದು ಸೊಸೆ ಹೇಳಿದ್ದಳು. ಟೇಪಮ್ಮ ಕೇಳಿಸಿಕೊಂಡಿದ್ದಳು, ತಲೆಯನ್ನೂ ಆಡಿಸಿದ್ದಳು. ಆದರೆ ಅಳತೆ ಎಷ್ಟು ಬಂತೋ ಅಷ್ಟಕ್ಕೇ ಬಟ್ಟೆ ಕತ್ತರಿಸುವುದು ಅವಳ ಕೈಗೆ ಗೊತ್ತೇ ಇರಲಿಲ್ಲ. ಸೊಂಟ ಮೂವತ್ತೆರಡು ಬಂದರೆ ಎರಡು ಇಂಚು ಸೇರಿಸಿ ಕತ್ತರಿಸಬೇಕು. ಒಳಗೆ ಮಾರ್ಜಿನ್ ಬಿಡದವನು ಟೈಲರೇ ಅಲ್ಲ. ಹೀಗಾಗಿ ನಾಲ್ಕು ನಿಮಿಷ ಹನ್ನೆರಡನೇ ಸೆಕೆಂಡಿಗೆ ಮಾತು ಶುರುವಾದರೆ ಅವಳ ಬೆರಳು ಹತ್ತು ಎಂದು ಒತ್ತುತ್ತಿತ್ತು. ಇಪ್ಪತ್ತಕ್ಕೆ ಶುರುವಾದರೆ ಹದಿನೆಂಟು. ಆರುನೂರ ಹನ್ನೆರಡು ಸಾಲಿಗೂ ಮುಂದೆ ಎರಡೆರಡು ಸೆಕೆಂಡಿನ ಮಾರ್ಜಿನ್. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಉಸಿರಾಡುವುದನ್ನು ಯಾರಾದರೂ ಹೇಳಿಕೊಂಡು ಮಾಡುತ್ತಾರೆಯೇ?

ಕೊನೆಯ ದೃಶ್ಯಕ್ಕೆ ಬಂದಾಗ ಮಾತ್ರ ಅವಳು ನಿಂತುಬಿಟ್ಟಳು. ಅಲ್ಲಿ ನಿಜವಾದ ಡಾಕ್ಟರು ಇದ್ದಕ್ಕಿದ್ದಂತೆ ವಾಪಸ್ ಬರುತ್ತಾರೆ. ಕಾಂಪೌಂಡರ್ ಗಾಬರಿಯಿಂದ ರೋಗಿಯ ಮಂಚದ ಮೇಲೆ ಬಿದ್ದು ಹೊದಿಕೆ ಎಳೆದುಕೊಳ್ಳುತ್ತಾನೆ, ಆದರೆ ಕುತ್ತಿಗೆಯಲ್ಲಿ ಸ್ಟೆತಸ್ಕೋಪ್ ಹಾಗೇ ಉಳಿದಿರುತ್ತದೆ. ಡಾಕ್ಟರು, "ಇದೇನಿದು ಕುತ್ತಿಗೇಲಿ?" ಅನ್ನುತ್ತಾರೆ. ಕಾಂಪೌಂಡರ್, "ಅದೇ ಡಾಕ್ಟ್ರೇ ನನ್ನ ಕಾಯಿಲೆ. ಬೆಳಗ್ಗೆಯಿಂದ ಬಿಡ್ತಾನೇ ಇಲ್ಲ," ಅನ್ನಬೇಕು.

ಆ ಜೋಕು ನಾಟಕ ಬರೆದವರದಲ್ಲ, ಅಕ್ಕನದು. ಟೇಪಮ್ಮನ ಕುತ್ತಿಗೆಯ ಟೇಪನ್ನು ನೋಡಿ ಅಕ್ಕ ದಿನವೂ ಆಡುತ್ತಿದ್ದ ಮಾತನ್ನು ಭಾವ ಸದ್ದಿಲ್ಲದೆ ಎತ್ತಿಕೊಂಡು ನಾಟಕಕ್ಕೆ ಸೇರಿಸಿಕೊಂಡಿದ್ದರು. ನಾಟಕದ ದಿನ ಅಕ್ಕ ಸೂಜಿ ದಾರ ಹಿಡಿದು ವೇದಿಕೆಯ ಪರದೆಯ ಪಕ್ಕದಲ್ಲೇ ನಿಂತಿದ್ದಳು. ಡಾಕ್ಟರು ಪ್ರಶ್ನೆ ಕೇಳಿದ್ದೇ ತಡ, ಭಾವ ಬಾಯಿ ತೆರೆಯುವ ಮೊದಲೇ ಅವಳ ನಗು ಸಿಡಿಯಿತು. ಸಭೆಯೂ ಅವಳ ಜೊತೆ ನಕ್ಕಿತು. ಭಾವನ ಮಾತು ಯಾರಿಗೂ ಕೇಳಿಸಲಿಲ್ಲ. "ನನ್ನ ಜೀವಮಾನದ ಜೋಕನ್ನ ನನ್ನ ಹೆಂಡ್ತಿನೇ ತಿಂದುಹಾಕಿದ್ಳು" ಎಂದು ಭಾವ ಇಪ್ಪತ್ತಾರು ವರ್ಷದಿಂದ ಸಿಕ್ಕಸಿಕ್ಕವರ ಮುಂದೆ ದೂರು ಹೇಳುತ್ತಲೇ ಬಂದಿದ್ದರು.

ಕ್ಯಾಸೆಟ್ಟಿನಲ್ಲಿ ಆ ನಗು ಹಾಗೇ ಇತ್ತು. ಟೇಪಮ್ಮ ಅದನ್ನು ನಾಲ್ಕು ಸಲ ಕೇಳಿದಳು. ಐದನೆಯ ಸಲ ಕೇಳುವಾಗ ಕಣ್ಣು ಮಂಜಾಯಿತು. ಮುಂದಿನ ಕೋಣೆಯಲ್ಲಿ ಅಕ್ಕ ಒಬ್ಬಳೇ ಮಿಷನ್ ತುಳಿಯುತ್ತಿದ್ದಳು, ತನ್ನ ನಗು ಹಿಂದಿನ ಕೋಣೆಯಲ್ಲಿ ಮೊಳಗುತ್ತಿರುವುದು ಅವಳಿಗೆ ಗೊತ್ತಿರಲಿಲ್ಲ.

"ಮಾತಾದ್ರೆ ಬರೀಬಹುದು. ನಗು ಹೇಗೆ ಬರೆಯೋದೇ?" ಎಂದು ಸೊಸೆಯನ್ನು ಕೇಳಿದಳು.

"ಶಬ್ದಗಳನ್ನ ಕಂಸದೊಳಗೆ ಹಾಕ್ತಾರೆ ಅತ್ತೆ. ಬಾಗಿಲು ಬಡಿದ ಸದ್ದು, ಮಗು ಅಳೋ ಸದ್ದು, ಹೀಗೆ."

ಟೇಪಮ್ಮ ಒಂದು ಸಾಲು ಸೇರಿಸಿದಳು. ಅದಕ್ಕೂ ಮುಂದೆ ಎರಡು ಸೆಕೆಂಡಿನ ಮಾರ್ಜಿನ್ ಬಿಟ್ಟಳು.

ಆ ಭಾನುವಾರ ಬಂತು. ಅಕ್ಕ ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಳು; ಮುಂದಿನ ಸ್ಟಾಪಿನಲ್ಲಿ ಇಳಿಯುವವರು ಕೂರುವ ಹಾಗೆ. ಟೇಪಮ್ಮ ಅಕ್ಷರಗಳನ್ನು ಆದಷ್ಟು ದೊಡ್ಡದು ಮಾಡಿ, ಬಿಳಿ ಬಣ್ಣ ತೆಗೆದು ಹಳದಿ ಹಾಕಿದ್ದಳು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಹುಮಾನಕ್ಕೆ ಕಾದವರಂತೆ ಕಂಪ್ಯೂಟರಿನ ಪಕ್ಕದಲ್ಲಿ ಕೂತಿದ್ದರು.

ನಾಟಕ ಶುರುವಾಯಿತು. ಕಿವಿ ಇದ್ದವರೆಲ್ಲ ನಟರ ಮುಖ ನೋಡುತ್ತಿದ್ದರು, ಅಕ್ಕನ ಕಣ್ಣು ಮಾತ್ರ ಪರದೆಯ ಕೆಳಗಿತ್ತು. ಒಬ್ಬ ರೋಗಿ, "ಡಾಕ್ಟ್ರೇ, ಈ ಮಾತ್ರೆ ಊಟಕ್ಕೆ ಮುಂಚೆ ತಗೋಬೇಕಾ, ಆಮೇಲಾ?" ಎಂದು ಕೇಳಿದ. ಕಾಂಪೌಂಡರ್ ವೇಷದ ಭಾವ ಗದ್ದ ಕೆರೆದುಕೊಳ್ಳುತ್ತಿದ್ದ ಹಾಗೆಯೇ ಕೆಳಗೆ ಹಳದಿ ಅಕ್ಷರ ಮೂಡಿತು: ಊಟದ ಬದಲು.

"ಹ್ಹ!" ಎಂದಳು ಅಕ್ಕ.

ಎಲ್ಲರೂ ಅವಳ ಕಡೆ ತಿರುಗಿದರು. ಆಗ ಪರದೆಯ ಮೇಲಿನ ಭಾವ "ಊಟದ ಬದಲು" ಅಂದರು, ಮತ್ತು ಎಲ್ಲರೂ ನಕ್ಕರು. ಅಕ್ಕನ ನಂತರ ನಕ್ಕರು! ಅಕ್ಕ ಸುತ್ತ ನೋಡಿದಳು. ಎರಡು ವರ್ಷದಲ್ಲಿ ಮೊದಲ ಸಲ, ಯಾರ ಮುಖವನ್ನೂ ನೋಡದೆ ಅವಳು ನಕ್ಕಿದ್ದಳು.

ಇನ್ನೊಬ್ಬ ರೋಗಿಗೆ ಅನುಮಾನ ಬಂತು. "ಅಲ್ಲ, ನೀವು ಯಾವಾಗಿಂದ ಡಾಕ್ಟ್ರು?" ಹಳದಿ ಅಕ್ಷರ ಮೊದಲೇ ಹೇಳಿಬಿಟ್ಟಿತು: ನೀವು ಒಳಗೆ ಬಂದಾಗಿಂದ. ಅಕ್ಕ ಕೈಚೀಲದ ಮೇಲೆ ಫಟ್ಟೆಂದು ಹೊಡೆದು ನಕ್ಕಳು. ಇಸ್ತ್ರಿ ಅಂಗಡಿಯಾಕೆಗೆ ಜೋಕಿಗಿಂತ ಅಕ್ಕನನ್ನು ನೋಡಿಯೇ ನಗು ಬಂದು ಕಣ್ಣಲ್ಲಿ ನೀರು ಸುರಿಯಿತು. ಟೇಪಮ್ಮ ಖುಷಿಗೆ ಟೇಪಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಕಚ್ಚುತ್ತಿದ್ದಳು.

ಖುಷಿಯಾಗದೆ ಇದ್ದವರು ಭಾವ ಒಬ್ಬರೇ. ಚಹಾಕ್ಕೆಂದು ವಿಡಿಯೋ ನಿಲ್ಲಿಸಿದಾಗ ಅವರು ಸಿಡಿದರು.

"ಇದು ತಪ್ಪಾಗಿದೆ! ನಾನು ಬಾಯಿ ತೆಗೆಯೋ ಮುಂಚೆನೇ ಅಕ್ಷರ ಬರ್ತಿದೆ. ಬಸ್ಸು ಸ್ಟಾಪಿಗೆ ಬರೋ ಮುಂಚೆನೇ ಇಳಿಸಿದ ಹಾಗೆ!"

ಸೊಸೆ ಗಡಿಯಾರ ಹಿಡಿದು ನೋಡಿದಳು. "ಹೌದು ಅತ್ತೆ, ಎಲ್ಲಾ ಸಾಲೂ ಎರಡು ಸೆಕೆಂಡು ಮುಂಚೆ ಇದೆ. ಪರವಾಗಿಲ್ಲ ದೊಡ್ಡ ಮಾವ, ಸುಲಭ. ಕೀಬೋರ್ಡಲ್ಲಿ ಎಚ್ ಒತ್ತಿದ್ರೆ ಅಕ್ಷರ ತಡವಾಗಿ ಬರುತ್ತೆ, ಜಿ ಒತ್ತಿದ್ರೆ ಬೇಗ. ಒಂದು ಸಲಕ್ಕೆ ಚೂರೇ ಚೂರು ಸರಿಯುತ್ತೆ, ನಲವತ್ತು ಸಲ ಒತ್ತಬೇಕು."

ಭಾವ ಒತ್ತಿದರು. ತುಂಬಿದ ಬಸ್ಸಿನಲ್ಲಿ ತಲೆ ಎಣಿಸುವ ದನಿಯಲ್ಲಿ ಒಂದು, ಎರಡು, ಮೂರು ಎಂದು ನಲವತ್ತರವರೆಗೂ ಎಣಿಸಿ, "ರೈಟ್!" ಎಂದು ಕೂಗಿದರು. ಟೇಪಮ್ಮ ಇಂಗು ತಿಂದ ಮಂಗನ ಹಾಗೆ ಕೂತಿದ್ದಳು. ಆರುನೂರ ಹನ್ನೆರಡು ಸಾಲು ತಪ್ಪಾಗಿ ಹೊಲಿದಿದ್ದೇನಲ್ಲ ಎಂದು ಅವಳಿಗೆ ನಾಚಿಕೆ.

ಉಳಿದ ನಾಟಕ ಶುರುವಾಯಿತು. ಈಗ ಮಾತು, ತುಟಿ, ಅಕ್ಷರ ಮೂರೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿ ಬರುತ್ತಿದ್ದವು. ಜೋಕು ಬಂತು. ಎಲ್ಲರೂ ನಕ್ಕರು. ಅಕ್ಕ ಇನ್ನೂ ಓದುತ್ತಿದ್ದಳು. ಓದಿ ಮುಗಿಸಿ ತಲೆ ಎತ್ತುವಷ್ಟರಲ್ಲಿ ಇವರ ನಗು ಆರಿತ್ತು. ಇನ್ನೊಂದು ಜೋಕು ಬಂತು. ಅಕ್ಕ ಅವಸರವಾಗಿ ಓದಿದಳು, ಆದರೂ ಹಿಂದುಳಿದಳು. ಇಸ್ತ್ರಿ ಅಂಗಡಿಯಾಕೆಯ ಮುಖ ನೋಡಿದಳು, ಭಾವನ ಮುಖ ನೋಡಿದಳು, ಆಮೇಲೆ ನಕ್ಕಳು. ಅದೇ ಎರವಲು ಅಂಗಿ. ಮೂರನೆಯ ಜೋಕಿಗೆ ಅವಳು ನಗಲೂ ಇಲ್ಲ, ಕೈಚೀಲದ ಹಿಡಿಯನ್ನು ಭುಜಕ್ಕೆ ಏರಿಸಿಕೊಂಡಳು.

ಟೇಪಮ್ಮ ಅದನ್ನು ನೋಡಿದಳು. ಎದ್ದವಳೇ ಮೇಜಿನ ತುದಿಗೆ ಓಡಿ ವಿಡಿಯೋ ನಿಲ್ಲಿಸಿದಳು. ಅಕ್ಕನಿಗೆ ಕೂತ್ಕೋ ಎಂದು ಕೈಸನ್ನೆ ಮಾಡಿ, ಜಿ ಒತ್ತತೊಡಗಿದಳು.

"ಏಯ್, ಏಯ್! ಏನಮ್ಮ ಮಾಡ್ತಿದೀಯ? ಈಗ ತಾನೇ ಸರಿ ಮಾಡಿದ್ದೀನಿ!"

"ಹನ್ನೊಂದು, ಹನ್ನೆರಡು... ಸುಮ್ನಿರಿ ಭಾವ."

"ಅದು ತಪ್ಪು ಕಣಮ್ಮ! ಸರಿಯಾದ ಟೈಮಿಗೆ ಬರ್ತಿದೆ!"

"ಯಾರಿಗೆ ಸರಿ? ಅಳತೆ ಸರಿ ಬಂದ್ರೆ ಸಾಕಾ ಭಾವ? ಹಾಕ್ಕೊಂಡೋರಿಗೆ ಉಸಿರಾಡೋಕೆ ಜಾಗ ಬೇಡ್ವಾ? ಅವಳು ಓದಬೇಕು, ಓದಿದ್ದು ತಲೆಗೆ ಹೋಗಬೇಕು, ಆಮೇಲೆ ನಗಬೇಕು. ನಿಮಗೆ ಕಿವಿ ಇದೆ, ಕಾಯ್ಕೊಂಡಿರಿ ಎರಡು ಸೆಕೆಂಡು. ಅಯ್ಯೋ, ಎಷ್ಟಾಯ್ತು? ಲೆಕ್ಕ ತಪ್ಪಿಸಿಬಿಟ್ರಲ್ಲ!"

"ಇಪ್ಪತ್ತಾರು," ಎಂದರು ಭಾವ. ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರಿಗೆ ಬೈಸಿಕೊಳ್ಳುತ್ತಿದ್ದರೂ ಎಣಿಕೆ ತಪ್ಪುವುದಿಲ್ಲ. ಆಮೇಲೆ ಹೆಂಡತಿಯ ಭುಜದಲ್ಲಿದ್ದ ಕೈಚೀಲ ಅವರ ಕಣ್ಣಿಗೂ ಬಿತ್ತು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಟೇಪಮ್ಮನ ಬೆರಳನ್ನು ಪಕ್ಕಕ್ಕೆ ಸರಿಸಿ, ಉಳಿದ ಹದಿನಾಲ್ಕನ್ನು ತಾವೇ ಒತ್ತಿದರು. "ನಲವತ್ತು. ಹೊರಡಿ, ರೈಟ್."

ಕೊನೆಯ ದೃಶ್ಯ. ನಿಜವಾದ ಡಾಕ್ಟರು ಬಂದರು. ಕಾಂಪೌಂಡರ್ ಮಂಚಕ್ಕೆ ಹಾರಿದ, ಹೊದಿಕೆ ಎಳೆದುಕೊಂಡ. ಹಳದಿ ಅಕ್ಷರ ಕೇಳಿತು: ಇದೇನಿದು ಕುತ್ತಿಗೇಲಿ? ಡಾಕ್ಟರು ಬಗ್ಗಿ ನೋಡಿದರು, ಬಾಯಲ್ಲಿ ಕೇಳತೊಡಗಿದರು. ಆಗ ಕೆಳಗೆ ಇನ್ನೊಂದು ಸಾಲು ಬಂತು.

(ಅಕ್ಕ ನಗುತ್ತಿದ್ದಾಳೆ)

ಅಕ್ಕ ಹುಬ್ಬು ಗಂಟಿಕ್ಕಿದಳು. ಯಾವ ಅಕ್ಕ? ನಾಟಕದಲ್ಲಿ ಅಕ್ಕ ಎಂಬ ಪಾತ್ರವೇ ಇಲ್ಲ. ತಂಗಿಯ ಕಡೆ ತಿರುಗಿದಳು. ತಂಗಿಯ ಕುತ್ತಿಗೆಯಲ್ಲಿ ಟೇಪು ನೇತಾಡುತ್ತಿತ್ತು, ಅದರ ತುದಿ ಮತ್ತೆ ಬಾಯಿ ಸೇರಿತ್ತು. ಸೂಜಿ, ದಾರ, ಪರದೆಯ ಪಕ್ಕ, ತಾನೇ ಆಡಿದ ಮಾತು, ಎಲ್ಲವೂ ಅವಳಿಗೆ ಒಟ್ಟಿಗೇ ನೆನಪಾದವು. ಎರಡು ಸೆಕೆಂಡು ಮುಗಿಯಿತು.

ಸ್ಪೀಕರಿನೊಳಗಿಂದ ಇಪ್ಪತ್ತಾರು ವರ್ಷದ ಹಿಂದಿನ ಅಕ್ಕ ನಕ್ಕಳು. ಕುರ್ಚಿಯ ಮೇಲಿನ ಅಕ್ಕನೂ ಅದೇ ಗಳಿಗೆಗೆ ನಕ್ಕಳು. ಒಂದು ನಗು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಯಾರೂ ಹೇಳುವ ಹಾಗಿರಲಿಲ್ಲ. ಕೈಚೀಲ ಉರುಳಿ ದಾರದ ಉಂಡೆಗಳು ಕೋಣೆಯ ತುಂಬ ಓಡಾಡಿದವು. ಇಸ್ತ್ರಿಯವನು ಗೋಡೆಗೆ ಒರಗಿ ಕೂತೇಬಿಟ್ಟ. ಸೊಸೆ ಹೊಟ್ಟೆ ಹಿಡಿದುಕೊಂಡು, "ಅತ್ತೆ, ಎರಡೂ ಒಂದೇ ಟೈಮಿಗೆ! ಒಂದೇ ಟೈಮಿಗೆ!" ಎಂದು ಕಿರುಚುತ್ತಿದ್ದಳು. ಯಾರೋ ಅಂಗಡಿಯ ಬಾಗಿಲಲ್ಲಿ ನಿಂತು ಒಳಗೆ ಇಣುಕುತ್ತಿದ್ದರು. ದಾರಿ ಕೇಳದೆ ಬಂದವರಿರಬೇಕು.

ಪರದೆಯ ಮೇಲೆ ಭಾವ ತಮ್ಮ ಜೀವಮಾನದ ಜೋಕನ್ನು ಹೇಳಿದರು. ಅದು ಈ ಸಲವೂ ಯಾರಿಗೂ ಕೇಳಿಸಲಿಲ್ಲ.

"ನೋಡಿದ್ರಾ? ನೋಡಿದ್ರಾ ನೀವೆಲ್ಲ? ಮತ್ತೆ ಮುಂಚೆನೇ ನಕ್ಕಳು!" ಎಂದು ಭಾವ ಎರಡೂ ಕೈ ಮೇಲೆತ್ತಿ ಕೂಗಿದರು. ಅವರ ಕಣ್ಣಿಂದ ನೀರು ಇಳಿದು ಮೀಸೆ ಸೇರುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ಇವಳು ಮತ್ತೆ ಮುಂಚೆನೇ ನಕ್ಕಳು ಕಣ್ರೀ!"

ನಗು ತಹಬಂದಿಗೆ ಬರಲು ಬಹಳ ಹೊತ್ತು ಹಿಡಿಯಿತು. ಅಕ್ಕ ಸೆರಗಿನಿಂದ ಕನ್ನಡಕ ಒರೆಸುತ್ತ ತಂಗಿಯ ಹತ್ತಿರ ಬಂದಳು.

"ಎಷ್ಟು ಬಿಟ್ಟಿದ್ದೆ ಮಾರ್ಜಿನ್ನು?"

ಟೇಪಮ್ಮ ಬಾಯಿಂದ ಟೇಪಿನ ತುದಿ ತೆಗೆದಳು. ಮಾತಾಡಿದರೂ ಅಕ್ಕನಿಗೆ ಕೇಳಿಸುತ್ತಿರಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಮೇಜಿನ ಮೇಲೆ ದೊಡ್ಡದಾಗಿ ಎರಡು ಎಂದು ಬರೆದಳು.

ಅಕ್ಕ ಅದನ್ನು ನೋಡಿದಳು. ತಂಗಿಯ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು, ಅದರ ಮೇಲೆ ಗೀಟು ಹಾಕಿ, ಪಕ್ಕದಲ್ಲಿ ಮೂರು ಎಂದು ಬರೆದಳು.

"ಮುಂದಿನ ಭಾನುವಾರ ಮೂರು ಬಿಡು," ಎಂದಳು, ಇಡೀ ಬೀದಿಗೆ ಕೇಳಿಸುವ ಹಾಗೆ. "ಕನ್ನಡಕ ಹುಡುಕ್ಕೊಳ್ಳೋಕೂ ಟೈಮ್ ಬೇಕಲ್ಲ."